ಒಂದೇ ಗೆರೆ

ಮಗು ಹುಟ್ಟಿದ ಮೂರನೇ ದಿನ ಅದರ ಬಲ ಮುಷ್ಟಿ ಬಿಡಿಸಿ ನೋಡಿದೆ. ನೋಡಬಾರದಿತ್ತು. ಸೂಲಗಿತ್ತಿ ಹುಲಿಯಮ್ಮ ಎಣ್ಣೆ ಹಚ್ಚಿ ನೀರು ಹಾಕಿ, ಬಟ್ಟೆಯಲ್ಲಿ ಬಿಗಿಯಾಗಿ ಸುತ್ತಿ, ನನ್ನ ಪಕ್ಕ ಮಲಗಿಸಿ ಆಗಷ್ಟೇ ಹೋಗಿದ್ದಳು. ಸುತ್ತಿದ ಬಟ್ಟೆಯೊಳಗೆ ಕೈ ತೂರಿಸಿ ಒಂದೊಂದೇ ಬೆರಳು ಬಿಡಿಸಿದೆ. ಅಂಗೈಯ ಈ ಅಂಚಿನಿಂದ ಆ ಅಂಚಿಗೆ, ನೇಗಿಲು ಎಳೆದ ಸಾಲಿನ ಹಾಗೆ, ಒಂದೇ ಗೆರೆ ಹೋಗಿತ್ತು. ನಮಗೆಲ್ಲ ಇರುವಂತೆ ಮೇಲೊಂದು ಕೆಳಗೊಂದು ಅಡ್ಡಗೆರೆ ಇರಲಿಲ್ಲ. ನನ್ನ ಕೈಕಾಲು ತಣ್ಣಗಾದವು. ಬಾಣಂತಿಯ ಮೈ ತಣ್ಣಗಾದರೆ ನಂಜು ಅಂತ ಅವ್ವ ಮೆಣಸು ಬೆಳ್ಳುಳ್ಳಿ ಅರೆದು ಕೊಟ್ಟಳು. ಸುಮ್ಮನೆ ನುಂಗಿದೆ.

ಯಾಕೆ ಹೆದರಿದೆ ಅಂತ ಹೇಳಬೇಕಾದರೆ ನನ್ನ ತಮ್ಮನ ವಿಷಯ ಹೇಳಬೇಕು.

ನಮ್ಮೂರು ಅಜ್ಜಂಪುರಕ್ಕೆ ಎರಡು ಮೈಲಿ. ಅಪ್ಪ ಈರಭದ್ರಪ್ಪನಿಗೆ ಒಂದಿಷ್ಟು ಬೆದ್ದಲು ಹೊಲ, ಒಂದು ತೆಂಗಿನ ತೋಟ. ನಾನು ಹುಟ್ಟಿ ಹನ್ನೊಂದು ವರ್ಷ ಆದಮೇಲೆ, ಅವ್ವ ಕರಿಬಸಮ್ಮನಿಗೆ ನಲವತ್ತೆರಡು ತುಂಬಿದಾಗ, ಕಲ್ಲಪ್ಪ ಹುಟ್ಟಿದ. ಗಂಡು ಅಂತ ಊರಿಗೆಲ್ಲ ಸಕ್ಕರೆ ಹಂಚಿದೆವು. ಸಕ್ಕರೆ ತಿಂದವರೇ ತೊಟ್ಟಿಲಿಗೆ ಬಗ್ಗಿ ನೋಡಿ ಮುಖ ಮುಖ ನೋಡಿಕೊಂಡರು. ಓರೆ ಕಣ್ಣು, ಚಪ್ಪಟೆ ಮೂಗು, ಹೊರಗೇ ಇರುವ ನಾಲಿಗೆ. ಎತ್ತಿಕೊಂಡರೆ ಮೈ ಹಸಿ ಬಟ್ಟೆಯಂತೆ ಜೋತುಬೀಳುತ್ತಿತ್ತು. ಎಂಟು ತಿಂಗಳಿಗೆ ಕತ್ತು ನಿಂತಿತು. ಮೂರು ವರ್ಷಕ್ಕೆ ನಡೆದ. ಐದಕ್ಕೆ ನನ್ನನ್ನು 'ಅಕ' ಅಂದ.

ಎತ್ತಿ ಬೆಳೆಸಿದವಳು ನಾನು. ನನಗೆ ಮೂಗಿನ ತುದಿಯಲ್ಲೇ ಕೋಪ. ಕರು ಕಟ್ಟುವ ಗಂಟು ಹಾಕುವುದನ್ನು ಅವನಿಗೆ ಕಲಿಸಲು ಒಂದು ವರ್ಷ ಹಿಡಿಯಿತು. ಎಷ್ಟೋ ಸಂಜೆ ಸಿಟ್ಟು ಬಂದು ಬೆರಳಿಗೆ ಹೊಡೆದಿದ್ದೇನೆ. ಅವನು ಕಣ್ಣು ಒರೆಸಿಕೊಂಡು ಮತ್ತೆ ಹಗ್ಗ ಚಾಚುತ್ತಿದ್ದ. ಕಲಿತ ಮೇಲೆ ಮಾತ್ರ ಮರೆಯಲಿಲ್ಲ. ಕರುವಿಗೆ, ಕಂಬಕ್ಕೆ, ಕೊನೆಗೆ ಜಗಲಿಯಲ್ಲಿ ತೂಕಡಿಸುತ್ತಿದ್ದ ಅಪ್ಪನ ಪಂಚೆಗೂ ಗಂಟು ಹಾಕಿಟ್ಟ.

ಅವನಿಗೆ ಹನ್ನೊಂದು ವರ್ಷವಿದ್ದಾಗ ಎದೆಯಲ್ಲಿ ಕಫ ಕಟ್ಟಿ ತರೀಕೆರೆಗೆ ಕರೆದುಕೊಂಡು ಹೋದೆವು. ಅಲ್ಲಿ ಮೀನಾಕ್ಷಮ್ಮ ಅಂತ ಒಬ್ಬ ಡಾಕ್ಟ್ರಮ್ಮ. ಅವನ ಎದೆಯನ್ನು ಬಹಳ ಹೊತ್ತು ಪರೀಕ್ಷಿಸಿ, "ಹೃದಯ ಚೆನ್ನಾಗಿದೆ, ಪುಣ್ಯ. ಇಂಥ ಮಕ್ಕಳಿಗೆ ಎಷ್ಟೋ ಸಲ ಅಲ್ಲೇ ತೊಂದರೆ ಇರುತ್ತೆ" ಅಂದರು. ಹನ್ನೊಂದು ವರ್ಷದಲ್ಲಿ ಅವನನ್ನು 'ಇಂಥ ಮಕ್ಕಳು' ಅಂತ ಒಂದು ಗುಂಪಿಗೆ ಸೇರಿಸಿದವರು ಅವರೇ ಮೊದಲು. ಅಲ್ಲಿಯವರೆಗೆ ಲೋಕದಲ್ಲಿ ಇವನೊಬ್ಬನೇ ಹೀಗೆ ಅಂದುಕೊಂಡಿದ್ದೆವು.

"ಇದಕ್ಕೆ ಡೌನ್ಸ್ ಸಿಂಡ್ರೋಮ್ ಅಂತಾರೆ. ನಮ್ಮ ಮೈಯ ಪ್ರತಿ ಕಣದಲ್ಲೂ ಕ್ರೋಮೋಸೋಮ್ ಅಂತ ಇಪ್ಪತ್ತಮೂರು ಜೊತೆ ಎಳೆಗಳಿರುತ್ತವೆ. ಜೊತೆಯಲ್ಲಿ ಒಂದು ತಾಯಿಯಿಂದ, ಒಂದು ತಂದೆಯಿಂದ. ಇಪ್ಪತ್ತೊಂದನೇ ಜೊತೆಯಲ್ಲಿ ಇವನಿಗೆ ಎರಡರ ಬದಲು ಮೂರು ಬಂದುಬಿಟ್ಟಿವೆ. ಅದಕ್ಕೇ ಎಲ್ಲ ನಿಧಾನ. ಕಲಿಯೋದೇ ಇಲ್ಲ ಅಂತಲ್ಲ, ಕಲಿಸೋದು ಬಿಡಬೇಡಿ" ಅಂದರು ಡಾಕ್ಟ್ರಮ್ಮ.

ಅವ್ವ ಸೆರಗು ಹಿಂಡುತ್ತಾ ಕೇಳಿದಳು, "ಬಸುರಲ್ಲಿ ಗ್ರಾಣದ ದಿನ ಮಚ್ಚು ಹಿಡ್ದು ಕಾಯಿ ಒಡ್ದಿದ್ದೆ ಕಣ್ರವ್ವ. ಅದ್ಕೇ ಹಿಂಗಾಯ್ತಾ?"

"ಗ್ರಹಣಕ್ಕೂ ಇದಕ್ಕೂ ಸಂಬಂಧ ಇಲ್ಲಮ್ಮ. ತಾಯಿಗೆ ವಯಸ್ಸಾದಷ್ಟೂ ಹೀಗಾಗೋದು ಹೆಚ್ಚು. ಯಾರ ತಪ್ಪೂ ಅಲ್ಲ."

ಅವ್ವ ಅಲ್ಲೇ ಬೆಂಚಿನ ಮೇಲೆ ಕೂತು ಅತ್ತಳು. ಹನ್ನೊಂದು ವರ್ಷ ಒಂದು ತೆಂಗಿನಕಾಯಿಯನ್ನು ಎದೆಯ ಮೇಲೆ ಹೊತ್ತಿದ್ದಳು, ಪಾಪ.

ಅಪ್ಪ ನನ್ನ ಕಡೆ ಕೈ ತೋರಿಸಿದ. "ಹಂಗಾದ್ರೆ ನಾಳೆ ಇವಳಿಗಾಗೋ ಮಕ್ಕಳಿಗೆ?"

"ಬಹಳ ಅಪರೂಪಕ್ಕೆ ಮನೆತನದಲ್ಲಿ ಬರೋದುಂಟು. ಬೆಂಗಳೂರಲ್ಲಿ ರಕ್ತ ಪರೀಕ್ಷೆ ಮಾಡಿಸಿದ್ರೆ ಗೊತ್ತಾಗುತ್ತೆ" ಅಂದು ಅವರು ಕಲ್ಲಪ್ಪನ ಅಂಗೈ ಬಿಡಿಸಿ ನಮಗೆ ತೋರಿಸಿದರು. "ನೋಡಿ, ಒಂದೇ ಅಡ್ಡಗೆರೆ. ಇಂಥ ಮಕ್ಕಳಲ್ಲಿ ಸುಮಾರು ಅರ್ಧದಷ್ಟು ಜನಕ್ಕೆ ಇದು ಇರುತ್ತೆ."

ಅವರು ಮುಂದೆ ಇನ್ನೂ ಏನೇನೋ ಹೇಳುತ್ತಿದ್ದರು. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಅನ್ನುತ್ತಾರಲ್ಲ, ನಾನು ಸೆರಗಿನ ಮರೆಯಲ್ಲಿ ನನ್ನ ಅಂಗೈ ನೋಡಿಕೊಳ್ಳುತ್ತಿದ್ದೆ. ಎರಡು ಗೆರೆ ಇದ್ದವು. ಆದರೆ 'ಮನೆತನದಲ್ಲಿ' ಅನ್ನುವ ಮಾತು, 'ಒಂದೇ ಗೆರೆ' ಅನ್ನುವ ಮಾತು ನನ್ನೊಳಗೆ ಕೂತುಬಿಟ್ಟವು. ಬೆಂಗಳೂರಿಗೆ ನಾವು ಹೋಗಲಿಲ್ಲ. ಗೊತ್ತಾಗಿ ಮಾಡುವುದೇನು ಅಂದ ಅಪ್ಪ.

ಅದಾದ ಮೇಲೆ ನನಗೆ ಎರಡು ಗಂಡು ಬಂದವು. ಕಲ್ಲಪ್ಪ ಬಾಗಿಲಿಗೆ ಬಂದು ನಕ್ಕ ಕೂಡಲೇ ಎರಡೂ ಎದ್ದು ಹೋದವು. ಕಡೂರಿನ ಕಡೆಯಿಂದ ಮೂರನೆಯ ಗಂಡು ಬರುವ ದಿನ ಅಪ್ಪ ಅವನನ್ನು ತೋಟದ ಪಂಪ್‌ಸೆಟ್ ಮನೆಗೆ ಕಳಿಸಿದ. ಸಾವಿರ ಸುಳ್ಳು ಹೇಳಿ ಒಂದು ಮದುವೆ ಮಾಡು ಅನ್ನುತ್ತಾರೆ. ನಾವು ಒಂದೇ ಸುಳ್ಳು ಹೇಳಿದೆವು, ನಮಗೆ ಒಬ್ಬಳೇ ಮಗಳು ಅಂತ. ಊರಿನವರೂ ಬಾಯಿ ಹೊಲಿದುಕೊಂಡರು. ಹೆಣ್ಣಿನ ಬಾಳು ಕೆಡಿಸಿದ ಪಾಪ ಯಾರಿಗೆ ಬೇಕು. ಜಗಳಕ್ಕೆ ಹೆಸರಾದ ನನ್ನ ಬಾಯಿಯೂ ಅವತ್ತು ತೆರೆಯಲಿಲ್ಲ.

ನನ್ನ ಗಂಡ ಚಂದ್ರಶೇಖರ ಬೀರೂರು ಸ್ಟೇಷನ್ನಿನಲ್ಲಿ ರೈಲಿಗೆ ಹಳಿ ಬದಲಿಸುವ ಪಾಯಿಂಟ್ಸ್‌ಮನ್. ಒಳ್ಳೆಯವರು, ಮಾತು ಕಡಿಮೆ. ಮನೆಯಲ್ಲಿ ಮಾತೆಲ್ಲ ಅತ್ತೆ ಅಂಬಮ್ಮನವರದೇ. ಮದುವೆಯಾಗಿ ಮೂರು ವರ್ಷಕ್ಕೆ ನಾನು ಬಸುರಾದೆ. ಎಲ್ಲರಿಗೂ ಹಿಗ್ಗು, ನನಗೆ ನಡುಕ. ಇವರು ಊಟಕ್ಕೆ ಕೈ ತೊಳೆಯುವಾಗ ನೀರು ಹಾಕುತ್ತಾ ಅಂಗೈ ನೋಡಿದೆ. ಎರಡು ಗೆರೆ. ಅತ್ತೆಯ ಅಂಗೈ ನೋಡಲಿಲ್ಲ. ಅವರ ಮುಖ ನೋಡುವುದಕ್ಕೇ ನನಗೆ ಧೈರ್ಯ ಸಾಲದು, ಅಂಗೈ ಎಲ್ಲಿ ನೋಡುವುದು.

ಚೊಚ್ಚಲ ಹೆರಿಗೆಗೆ ತವರಿಗೆ ಬಂದೆ. ಹೆಣ್ಣು ಹುಟ್ಟಿತು. ಒಂದೇ ಗೆರೆಯ ಹೆಣ್ಣು.

ನನ್ನ ಹೆದರಿಕೆಗೆ ದಾರಿ ಸ್ಪಷ್ಟವಾಗಿತ್ತು. ಮಗು ಹೀಗೆ ಅಂತ ಗೊತ್ತಾದರೆ ಇದರ ಮೂಲ ಎಲ್ಲಿಯದು ಅಂತ ಹುಡುಕುತ್ತಾರೆ. ಹುಡುಕಿದರೆ ಕಲ್ಲಪ್ಪ ಸಿಗುತ್ತಾನೆ. ಅವನು ಸಿಕ್ಕರೆ ನಾನೂ ಮಗುವೂ ಇನ್ನು ಕಡೂರಿನ ಬಸ್ಸು ಹತ್ತುವುದಿಲ್ಲ.

ಹಳೆಯ ರವಿಕೆ ಬಟ್ಟೆಯಿಂದ ಒಂದು ಪುಟ್ಟ ಚೀಲ ಹೊಲಿದು ಮಗುವಿನ ಬಲಗೈಗೆ ಹಾಕಿ ಮಣಿಕಟ್ಟಿನಲ್ಲಿ ದಾರ ಕಟ್ಟಿದೆ. ಮುಖ ಪರಚಿಕೊಳ್ಳುತ್ತದೆ ಅಂತ ಕೇಳಿದವರಿಗೆಲ್ಲ ಹೇಳಿದೆ.

"ಎಡಗೈಯಾಗೆ ಪರಚ್ಕಳಲ್ವೇನವ್ವ?" ಅಂದಳು ಹುಲಿಯಮ್ಮ.

ಅವತ್ತಿನಿಂದ ಅವಳ ಮುಂದೆ ಮಗುವನ್ನು ಬಿಡುವುದಕ್ಕೇ ಭಯವಾಯಿತು. ಸ್ನಾನವನ್ನು ನಾನೇ ಮಾಡಿಸಿದೆ. ಮಗು ನಾಲಿಗೆ ಚಾಚಿದರೆ ಎದೆ ಧಸಕ್ಕೆನ್ನುತ್ತಿತ್ತು. ಅತ್ತರೆ ದನಿ ಸಣ್ಣದಾಯಿತೇ, ಸುಮ್ಮನಿದ್ದರೆ ಮಂಕಾಯಿತೇ ಅನ್ನಿಸುತ್ತಿತ್ತು. ಮೂರು ತಿಂಗಳಿಗೆ ಕತ್ತು ನಿಂತಿದೆ ಅಂತ ಅವ್ವ ತೋರಿಸಿದಳು. ನಾನು ನಂಬಲಿಲ್ಲ. ನೀನು ಕತ್ತಿಗೆ ಕೈ ಕೊಟ್ಟು ಹಿಡಿದಿದ್ದೀಯ ಅಂತ ಜಗಳ ಮಾಡಿದೆ. ಹಾವು ತುಳಿದವಳಿಗೆ ಹಗ್ಗ ಕಂಡರೂ ಹೆದರಿಕೆ.

ಕಲ್ಲಪ್ಪನಿಗೆ ಆಗ ಹದಿನೈದು ದಾಟಿತ್ತು. ದಿನವಿಡೀ ತೊಟ್ಟಿಲ ಬಳಿಯೇ ಇರುತ್ತಿದ್ದ. ನನ್ನ ಗಂಡ ರಜೆಯಲ್ಲಿ ಬಂದ ದಿನ ಮಾತ್ರ ಅವನಿಗೆ ತೋಟ. ಒಂದು ಬೆಳಿಗ್ಗೆ ಚೀಲ ಒಗೆದು ಒಣಹಾಕಿ ಒಳಗೆ ಬಂದರೆ ಅವನು ಮಗುವಿನ ಮುಷ್ಟಿ ಬಿಡಿಸಿ, ಪಕ್ಕದಲ್ಲಿ ತನ್ನ ಅಂಗೈ ಇಟ್ಟುಕೊಂಡು ಕೂತಿದ್ದ.

"ಅಕ, ನಂದೂ" ಅಂದು ನಕ್ಕ. ಅಷ್ಟು ಖುಷಿಯಾಗಿ ಅವನು ನಕ್ಕಿದ್ದನ್ನು ನಾನು ಹೆಚ್ಚು ಸಲ ನೋಡಿಲ್ಲ.

ಅವನ ಕೈ ಮೇಲೆ ರಪ್ಪನೆ ಹೊಡೆದೆ. ಹಸಿ ಚೀಲವನ್ನೇ ತಂದು ಮಗುವಿಗೆ ಕಟ್ಟಿದೆ.

"ಯಾಕೆ?" ಅಂದ.

"ಗೆರೆ ಯಾರ್ಗೂ ಕಾಣ್ಬಾರ್ದು."

"ಕಂಡ್ರೆ?"

"ಕಂಡ್ರೆ ಪಾಪೂನೂ ನಿನ್ನಂಗೆ ತೋಟಕ್ಕೆ ಕಳಿಸ್ತಾರೆ. ಸಾಕಾ?" ಅಂದೆ. ಸಿಟ್ಟಿನಲ್ಲಿ ಅಂದದ್ದು. ಅವನು ತನ್ನ ಅಂಗೈಯನ್ನು ಬಹಳ ಹೊತ್ತು ನೋಡಿಕೊಂಡು ಕೂತ. ನಾನು ಒಲೆಯ ಮೇಲೆ ನೀರಿಟ್ಟಿದ್ದೆ, ಹೋದೆ.

ನಾಲ್ಕನೇ ತಿಂಗಳಲ್ಲಿ ತಡೆಯಲಾರದೆ ಸೂಜಿ ಹಾಕಿಸುವ ನೆಪ ಹೇಳಿ ತರೀಕೆರೆಗೆ ಹೋದೆ. ಡಾಕ್ಟ್ರಮ್ಮನ ಬಾಗಿಲಲ್ಲಿ ಅದೇ ಬೆಂಚು. ಒಳಗಿನಿಂದ ಅವರ ದನಿ ಕೇಳುತ್ತಿತ್ತು. ಅವರು ಚೀಲ ಬಿಚ್ಚುತ್ತಾರೆ, ನೋಡುತ್ತಾರೆ, ಬಾಯಿಬಿಟ್ಟು ಹೇಳಿಬಿಡುತ್ತಾರೆ. ಹೇಳುವವರೆಗೆ ಅದು ನನ್ನ ಹೆದರಿಕೆ ಮಾತ್ರ, ಹೇಳಿದ ಮೇಲೆ ನಿಜ. ಕಾಂಪೌಂಡರ್ ಹೊರಗೆ ಬಂದು, "ಪಂಕಜಾಕ್ಷಿ ಯಾರಮ್ಮ?" ಅಂದ. ನಾನು ಪಕ್ಕದವಳ ಕಡೆ ನೋಡಿದೆ. ಅವನು ಎರಡನೇ ಸಲ ಕೂಗುವಷ್ಟರಲ್ಲಿ ಮಗುವನ್ನು ಸೆರಗಿನಲ್ಲಿ ಮುಚ್ಚಿಕೊಂಡು ಬಸ್ ಸ್ಟ್ಯಾಂಡಿಗೆ ಓಡಿದ್ದೆ. ಅಜ್ಜಂಪುರ ಮುಟ್ಟುವವರೆಗೂ ಯಾರೋ ಹಿಂದಿನಿಂದ ನನ್ನ ಹೆಸರು ಕೂಗುತ್ತಿದ್ದಾರೆ ಅನ್ನಿಸುತ್ತಿತ್ತು.

ಐದನೇ ತಿಂಗಳಲ್ಲಿ ಕಿವಿ ಚುಚ್ಚಿಸಿ ಮಗುವನ್ನು ಕರೆದುಕೊಂಡು ಹೋಗುತ್ತೇವೆ ಅಂತ ಕಡೂರಿನಿಂದ ಕಾಗದ ಬಂತು. ನಮ್ಮಲ್ಲಿ ಮಗುವಿನ ಕಿವಿ ಚುಚ್ಚುವುದು ಸೋದರಮಾವನ ತೊಡೆಯ ಮೇಲೆ ಕೂರಿಸಿ. ಅವ್ವ ಯಾವಾಗಲೋ ಬಾಯಿತಪ್ಪಿ ಅದನ್ನು ಕಲ್ಲಪ್ಪನ ಮುಂದೆ ಆಡಿದ್ದಳು. ಅವನು ದಿನಾ ಚಾಪೆಯ ಮೇಲೆ ಚಕ್ಕಳಮಕ್ಕಳ ಹಾಕಿ ಕೂತು, ತೊಡೆ ತಟ್ಟಿಕೊಂಡು, "ಬಾ ಪಾಪು" ಅಂತ ಅಭ್ಯಾಸ ಮಾಡುತ್ತಿದ್ದ. ಒಡಹುಟ್ಟಿದವನು ಇಲ್ಲವಾದ್ದರಿಂದ ದೊಡ್ಡಪ್ಪನ ಮಗ ತೀರ್ಥಪ್ಪ ತೊಡೆ ಕೊಡುವುದು ಅಂತ ಅಪ್ಪ ಬೀಗರಿಗೆ ಬರೆದ.

ಆ ದಿನ ಬೆಳಿಗ್ಗೆ ಅಪ್ಪ ಅವನಿಗೆ ರೊಟ್ಟಿ ಕಟ್ಟಿಕೊಟ್ಟು ಹೊರಡಿಸಿದ. "ಬಸ್ ಹೋಗಗಂಟ ಉಸಿರು ಬಿಡ್ಬಾರ್ದು, ತಿಳೀತಾ?"

"ತೊಡೆ?" ಅಂದ ಕಲ್ಲಪ್ಪ.

"ತೀರ್ಥಪ್ಪ ಕೂರ್ತಾನೆ. ನಡಿ."

ಅವನು ಹೋಗುತ್ತಾ ಎರಡು ಸಲ ತಿರುಗಿ ನನ್ನನ್ನು ನೋಡಿದ. ನಾನು ಮಗುವಿನ ಚೀಲದ ದಾರ ಬಿಗಿ ಮಾಡುತ್ತಿದ್ದೆ.

ಹನ್ನೊಂದರ ಹೊತ್ತಿಗೆ ಬೀಗರು ಬಂದರು. ಅಕ್ಕಸಾಲಿ ಚಿನ್ನದ ತಂತಿ ಚೂಪು ಮಾಡಿಕೊಂಡು ಕೂತ. ತೀರ್ಥಪ್ಪ ಚಾಪೆಯ ಮೇಲೆ ಕೂತು ತೊಡೆ ಒಡ್ಡಿದ. ಅಂಬಮ್ಮನವರು ಸೆರಗಿನ ಗಂಟು ಬಿಚ್ಚಿ ಒಂದು ಜೊತೆ ಬೆಳ್ಳಿ ಕಡಗ ತೆಗೆದರು. ಕಡಗದ ಯೋಚನೆ ನನಗೆ ಬಂದೇ ಇರಲಿಲ್ಲ.

"ಆ ಚೀಲ ತೆಗಿ, ಕಡಗ ಹಾಕನ" ಅಂದರು.

"ಎಡಗೈಗೆ ಹಾಕಿ ಅತ್ತೆ. ಇದು ಆಮೇಲೆ."

"ಒಂದು ಕೈಗೆ ಕಡಗ, ಒಂದು ಕೈಗೆ ಚೀಲ. ಏನು ಚಂದನೇ? ಕೊಡಿಲ್ಲಿ."

ನಾನು ಮಗುವಿನ ಕೈ ಬಿಡಲಿಲ್ಲ. ಅವರು ಎಳೆದರು, ನಾನೂ ಎಳೆದೆ. ಮಗು ಕಿರುಚಿತು. ಇವರು, "ಪಂಕಜಾ" ಅಂತ ಗದರಿದರು. ದಾರ ಪಟ್ಟನೆ ಹರಿದು ಚೀಲ ಅತ್ತೆಯ ಕೈಗೆ ಹೋಯಿತು. ಅವರು ಮಗುವಿನ ಅಂಗೈ ಬಿಡಿಸಿದರು. ಬಗ್ಗಿ ನೋಡಿದರು. ನಾನು ಗೋಡೆ ಹಿಡಿದು ನಿಂತೆ.

"ಅಯ್ಯ ನಿನ್ನ" ಅಂದರು ಅತ್ತೆ. ಆಮೇಲೆ ನಗಲು ಶುರು ಮಾಡಿದರು. "ಚಂದ್ರ, ನೋಡೋ ಇಲ್ಲಿ. ನಿನ್ನ ಕೈಗೆ ಬರ್ಲಿಲ್ಲ, ನಿನ್ನ ಮಗಳ ಕೈಗೆ ಬಂತು." ತಮ್ಮ ಬಲ ಅಂಗೈಯನ್ನು ನನ್ನ ಮುಖದ ಮುಂದೆ ಹಿಡಿದರು. ಜಡ್ಡುಗಟ್ಟಿದ ಕೈ. ಅದರ ನಡುವೆ, ಈ ಅಂಚಿನಿಂದ ಆ ಅಂಚಿಗೆ, ಒಂದೇ ಗೆರೆ. "ನಮ್ಮವ್ವಂಗೂ ಹಿಂಗೇ ಇತ್ತು. ಇದಕ್ಕಾ ಚೀಲ ಹಾಕಿದ್ದು ನೀನು? ನಾನು ಐದು ಹೆತ್ತು ಅಷ್ಟು ಜಮೀನು ಮಾಡ್ಸಿದ್ದು ಇದೇ ಕೈಯಾಗೆ ಕಣೇ."

ಒಂದೇ ಗೆರೆ ನೂರರಲ್ಲಿ ಒಬ್ಬಿಬ್ಬರು ಆರೋಗ್ಯವಂತರಿಗೂ ಇರುತ್ತದೆ, ಬರೀ ಗೆರೆ ನೋಡಿ ಏನೂ ಹೇಳಲಾಗದು ಅಂತ ಡಾಕ್ಟ್ರಮ್ಮ ಆಮೇಲೆ ಹೇಳಿದರು. ನಾನು ಸೆರಗಿನ ಮರೆಯಲ್ಲಿ ಕೈ ನೋಡಿಕೊಳ್ಳುತ್ತಿದ್ದ ದಿನವೂ ಅದನ್ನೇ ಹೇಳಿದ್ದರಂತೆ.

ಐದು ತಿಂಗಳ ಭಯ ಒಂದೇ ಸಲ ಇಳಿಯಿತು. ನೆಲದ ಮೇಲೆ ಕೂತುಬಿಟ್ಟೆ. ನಗುತ್ತಿದ್ದೆನೋ ಅಳುತ್ತಿದ್ದೆನೋ ಗೊತ್ತಿಲ್ಲ. ಬಾಯಿ ತನ್ನಷ್ಟಕ್ಕೆ ಆಡಿತು. "ಹಂಗಾದ್ರೆ ಇವಳು ನಮ್ಮ ಕಲ್ಲಪ್ಪನಂಗಲ್ಲ. ನಮ್ಮ ಕಲ್ಲಪ್ಪನಂಗಲ್ಲ."

"ಯಾವ ಕಲ್ಲಪ್ಪ?" ಅಂದರು ಅತ್ತೆ.

ಅಕ್ಕಸಾಲಿ ತಂತಿಯನ್ನು ಕೆಳಗಿಟ್ಟ. ಅಪ್ಪ ನೆಲ ನೋಡುತ್ತಿದ್ದ. ಸುಳ್ಳು ಹೇಳಬಹುದಿತ್ತು. ನೆಂಟರ ಹುಡುಗ ಅನ್ನಬಹುದಿತ್ತು. ಅಷ್ಟರಲ್ಲಿ ತೀರ್ಥಪ್ಪ ಖಾಲಿ ತೊಡೆ ಮಡಿಚಿಕೊಂಡು ಚಾಪೆಯಿಂದ ಎದ್ದ.

"ನನ್ನ ತಮ್ಮ. ಒಡಹುಟ್ಟಿದ ತಮ್ಮ. ತೋಟದಲ್ಲವ್ನೆ" ಅಂದೆ.

ಇವರ ಮುಖ ಕಪ್ಪಿಟ್ಟಿತು. "ನಾಲ್ಕು ವರ್ಷ" ಅಂದರು, ಅಷ್ಟೇ.

"ನಿಮ್ಮತ್ರ ಆಮೇಲೆ ಮಾತಾಡ್ತೀನಿ ಬೀಗ್ರೆ. ಮೊದ್ಲು ಆ ಹುಡುಗನ್ನ ನೋಡಬೇಕು, ನಡೀರಿ" ಅಂದರು ಅತ್ತೆ. ಮಗುವನ್ನು ಅವರೇ ಎತ್ತಿಕೊಂಡರು, ನನಗೆ ಕೊಡಲಿಲ್ಲ. ಇನ್ನು ಕೊಡುವುದೇ ಇಲ್ಲವೇನೋ ಅಂತ ನಾನು ಹಿಂದೆ ಹಿಂದೆ ಓಡಿದೆ.

ಪಂಪ್‌ಸೆಟ್ ಮನೆ ತೋಟದ ಕೊನೆಯಲ್ಲಿ, ಬಾವಿಗೆ ಅಂಟಿಕೊಂಡು. ತಗಡಿನ ಮಾಡು, ಕಿಟಕಿ ಇಲ್ಲ. ಬಾಗಿಲಿಗೆ ಹೊರಗಿನಿಂದ ಬೀಗ ಬಿದ್ದಿತ್ತು. ಬೀಗದ ವಿಷಯ ನನಗೆ ಗೊತ್ತಿರಲಿಲ್ಲ.

"ಬೀಗ ಹಾಕಿದ್ಯಾ ಅಪ್ಪ?"

"ಪಕ್ಕದಲ್ಲೇ ಬಾವಿ ಐತಲ್ಲವ್ವ" ಅಂದು ಅಪ್ಪ ಉಡಿದಾರದಿಂದ ಕೀಲಿ ಬಿಡಿಸಲು ತಡಕಾಡಿದ.

"ಕಲ್ಲಪ್ಪ" ಅಂತ ಕೂಗಿದೆ. ಸದ್ದಿಲ್ಲ. ನಾನು ಕೂಗಿದರೆ ಊರಾಚೆಯಿಂದಲೂ ಓಗೊಡುವವನು. ಮಾಡಿನ ತಗಡು ಬಿಸಿಲಿಗೆ ಕಾದು ಟಿಕ್ ಟಿಕ್ ಅನ್ನುತ್ತಿತ್ತು. ಒಳಗೆ ಮೋಟಾರು, ಕರೆಂಟಿನ ತಂತಿ. ಅಪ್ಪನ ಕೈಯಿಂದ ಕೀಲಿ ಕಿತ್ತುಕೊಂಡು ನಾನೇ ತೆಗೆದೆ.

ಗೋಣಿಚೀಲದ ಮೇಲೆ ಚಕ್ಕಳಮಕ್ಕಳ ಹಾಕಿ, ಬೆನ್ನು ನೆಟ್ಟಗೆ ಮಾಡಿಕೊಂಡು ಕೂತಿದ್ದ. ಬೆವರಿನಲ್ಲಿ ತೊಯ್ದಿದ್ದ. ಉಸಿರು ಬಿಡಬಾರದು ಅಂದಿದ್ದಕ್ಕೆ ತುಟಿ ಬಿಗಿ ಹಿಡಿದಿದ್ದ. ರೊಟ್ಟಿಯ ಗಂಟು ಬಿಚ್ಚಿರಲಿಲ್ಲ, ಆದರೆ ಅಂಗಿಯ ತೋಳು ಹರಿದಿತ್ತು. ಆ ತೋಳಿನ ಬಟ್ಟೆಯನ್ನು ಬಲಗೈಗೆ ಬೆರಳಿನಿಂದ ಮಣಿಕಟ್ಟಿನವರೆಗೆ ಸುತ್ತಿ, ಎಡಗೈಯಿಂದಲೂ ಹಲ್ಲಿನಿಂದಲೂ ಎಳೆದು, ನಾನು ಕಲಿಸಿದ ಕರುವಿನ ಗಂಟು ಹಾಕಿದ್ದ. ನನ್ನನ್ನು ಕಂಡು ಆ ಕೈ ಮುಂದಕ್ಕೆ ಚಾಚಿ ತೋರಿಸಿದ.

"ಅಕ, ಗೆರೆ ಕಾಣಲ್ಲ. ಈಗ ಬರ್ಲಾ?"

ನಾನು ಅವನ ಮುಂದೆ ಕೂತು ಗಂಟಿಗೆ ಕೈ ಹಾಕಿದೆ. ಎಳೆದಷ್ಟೂ ಅದು ಬಿಗಿಯಾಯಿತು. ಅವನು ಹೆದರಿ ಕೈಯನ್ನು ಎದೆಗೆ ಎಳೆದುಕೊಂಡ. "ಬ್ಯಾಡ. ಕಂಡ್ರೆ ಕಳಿಸ್ತಾರೆ."

ಅಂಬಮ್ಮನವರು ಮಗುವನ್ನು ಇವರ ಕೈಗೆ ಕೊಟ್ಟು ನೆಲದ ಮೇಲೆ ಕೂತರು. ತಮ್ಮ ಬಲ ಅಂಗೈ ಬಿಡಿಸಿ ಅವನ ಮುಂದೆ ಹಿಡಿದರು. ಕಲ್ಲಪ್ಪ ಬಗ್ಗಿ ನೋಡಿದ. ಎಡಗೈ ಬೆರಳಿನಿಂದ ಆ ಗೆರೆಯನ್ನು ಈ ಕಡೆಯಿಂದ ಆ ಕಡೆಗೆ ಮುಟ್ಟಿ ನೋಡಿದ. ಆಮೇಲೆ ಸುತ್ತಿದ ಕೈಯನ್ನು ಅವರಿಗೆ ಕೊಟ್ಟ. ನನಗಲ್ಲ, ಅವರಿಗೆ.

ಆ ಮಧ್ಯಾಹ್ನ ಕಿವಿ ಚುಚ್ಚಿದ್ದು ಅವನ ತೊಡೆಯ ಮೇಲೆಯೇ. ಅತ್ತೆ ಅಪ್ಪನ ಹತ್ತಿರ ಆಡಬೇಕಾದ ಮಾತನ್ನೆಲ್ಲ ಆಡಿದರು, ಒಂದು ವರ್ಷ ನನ್ನ ತವರಿನ ನೀರು ಮುಟ್ಟಲಿಲ್ಲ. ನನ್ನನ್ನೂ ಮಗುವನ್ನೂ ಮಾತ್ರ ಅದೇ ಸಂಜೆಯ ಬಸ್ಸಿಗೆ ಕರೆದುಕೊಂಡು ಹೋದರು. ಮಗಳಿಗೆ ಈಗ ಏಳು ವರ್ಷ. ಸೋದರಮಾವ ಕಡೂರಿಗೆ ಬಂದರೆ ಇಬ್ಬರೂ ಅಂಗೈ ಪಕ್ಕದಲ್ಲಿ ಅಂಗೈ ಇಟ್ಟುಕೊಂಡು ಜಗಲಿಯಲ್ಲಿ ಕೂರುತ್ತಾರೆ. ನಾನು ಹತ್ತಿರ ಹೋದರೆ ಕಲ್ಲಪ್ಪ ಇವತ್ತಿಗೂ ಮೊದಲು ಮುಷ್ಟಿ ಹಿಡಿಯುತ್ತಾನೆ, ಆಮೇಲೆ ನನ್ನ ಮುಖ ನೋಡಿ ನಿಧಾನವಾಗಿ ಬಿಡುತ್ತಾನೆ.